ಮರದ ಡೆಕ್ಕೋ, ಡಬ್ಲ್ಯೂಪಿಸಿ ಡೆಕ್ಕೋ? ಕಾಸರಗೋಡಿನ ಮಳೆಗೆ ತಕ್ಕ ಖರ್ಚಿನ ಲೆಕ್ಕ

ಡೆಕ್ಕಿಗೆ, ಅಂದರೆ ಫ್ರೇಮಿನ ಮೇಲೆ ಹಲಗೆ ಹಾಸಿ ಮಾಡುವ ನೆಲಕ್ಕೆ, ಮರದ ಮಿಲ್ಲಿನಲ್ಲಿ ರೇಟು ಕೇಳಿದರೆ ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ ಹೇಳುತ್ತಾರೆ. ಡಬ್ಲ್ಯೂಪಿಸಿ (ಮರದ ಹುಡಿ, ಪ್ಲಾಸ್ಟಿಕ್ ಕೂಡಿಸಿ ಮಾಡಿದ ಹಲಗೆ) ಅಂಗಡಿಯಲ್ಲಿ ಚದರ ಅಡಿ ಲೆಕ್ಕ. ಫ್ರೇಮ್ ಮಾಡುವ ವೆಲ್ಡರ್ ಕಿಲೋ ಲೆಕ್ಕದಲ್ಲಿ ಮಾತಾಡುತ್ತಾನೆ. ಆಚಾರಿಯದ್ದು ದಿನದ ಸಂಬಳ. ನಾಲ್ಕು ಜನ, ನಾಲ್ಕು ಅಳತೆ. ಇದನ್ನೆಲ್ಲ ಒಂದೇ ಅಳತೆಗೆ ತರದೆ "ಯಾವುದು ಅಗ್ಗ?" ಅಂತ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮಾಲನ್ನೇ ಹೇಳುತ್ತಾರೆ. ತಪ್ಪು ಅವರದ್ದಲ್ಲ ಬಿಡಿ.

ಮಂಜೇಶ್ವರದಿಂದ ಹೊಸದುರ್ಗದವರೆಗೆ ಈಗ ಹೊಸ ಮನೆಗಳ ಸಿಟೌಟಿನಲ್ಲಿ (ಮುಂಜಗಲಿಯಲ್ಲಿ), ತಾರಸಿಯ ಮೂಲೆಯಲ್ಲಿ, ಬೇಕಲದ ಕಡೆಯ ಹೋಂಸ್ಟೇಗಳ ಅಂಗಳದಲ್ಲಿ ಡೆಕ್ ಕಾಣುತ್ತದೆ. ಮೊಬೈಲಿನಲ್ಲಿ ನೋಡಿದ ಚಿತ್ರ ತೋರಿಸಿ "ಹೀಗೇ ಬೇಕು" ಅನ್ನುವವರು ಜಾಸ್ತಿ. ಆ ಚಿತ್ರ ತೆಗೆದ ಊರಿನಲ್ಲಿ ಆಟಿಯ (ಜುಲೈ–ಆಗಸ್ಟ್) ಮಳೆ ಇರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಾಲ್ಕು ತಿಂಗಳು ಒದ್ದೆ, ಆಮೇಲೆ ಮಾರ್ಚ್–ಏಪ್ರಿಲ್‌ನ ಸುಡುಬಿಸಿಲು. ಹಾಗಾಗಿ ಖರ್ಚನ್ನು ತೀರ್ಮಾನ ಮಾಡುವುದು ಹಲಗೆಯ ರೇಟು ಅಲ್ಲ. ಹಲಗೆಯ ಮೇಲೆ ಮಾಡು (ಸೂರು) ಇದೆಯೋ ಇಲ್ಲವೋ, ಹಲಗೆಯ ಕೆಳಗೆ ನೀರು ಹೋಗಲು ದಾರಿ ಇದೆಯೋ ಇಲ್ಲವೋ ಅನ್ನುವುದು.

ಮೊದಲ ಹೆಜ್ಜೆ: ಜಾಗ ನೋಡಿ

ಮೇಲೆ ಶೀಟೋ ಹಂಚೋ ಇರುವ ಸಿಟೌಟ್ ಆದರೆ ಅರ್ಧ ಚರ್ಚೆ ಅಲ್ಲಿಗೇ ಮುಗಿಯಿತು. ಮರ ಹಾಕಿ. ಇರಚಲು ಹೊಡೆಯುವ ಅಂಚಿನ ಎರಡು ಅಡಿ ಬಿಟ್ಟರೆ ಬಾಕಿ ಭಾಗಕ್ಕೆ ಮೂರು ವರ್ಷಕ್ಕೊಮ್ಮೆ ಎಣ್ಣೆ ಕೊಟ್ಟರೂ ನಡೆಯುತ್ತದೆ. ಕಾಲಿಗೆ ಹಿತ, ನೋಡಲು ಚಂದ, ಖರ್ಚೂ ಹತೋಟಿಯಲ್ಲಿ.

ತೆರೆದ ತಾರಸಿ ಬೇರೆ ಕಥೆ. ಅಲ್ಲಿ ಡೆಕ್ ಹಾಕುವ ಮೊದಲು ಸ್ಲ್ಯಾಬಿನ ವಾಟರ್‌ಪ್ರೂಫಿಂಗ್ ಮುಗಿದಿರಬೇಕು. ಒಂದು ಮಳೆಗಾಲ ನೋಡಿ ಸೋರುವುದಿಲ್ಲ ಅಂತ ಗ್ಯಾರಂಟಿ ಆದ ಮೇಲೆಯೇ ಫ್ರೇಮ್. ಡೆಕ್ಕಿನ ಅಡಿ ಸೋರಿಕೆ ಶುರುವಾದರೆ ಪೂರ್ತಿ ಬಿಚ್ಚಬೇಕಾಗುತ್ತದೆ, ಆ ಖರ್ಚು ಯಾವ ಕೊಟೇಶನಿನಲ್ಲೂ ಬರೆದಿರುವುದಿಲ್ಲ. ಸ್ಲ್ಯಾಬಿಗೆ ಡ್ರಿಲ್ ಹಾಕಿ ಫ್ರೇಮ್ ಕೂರಿಸುತ್ತೇನೆ ಅನ್ನುವವರನ್ನು ಅಲ್ಲೇ ನಿಲ್ಲಿಸಿ. ತೂತು ಮಾಡಿದಲ್ಲಿ ನೀರು ಇಳಿಯುತ್ತದೆ. ಎತ್ತರ ಹೊಂದಿಸಬಹುದಾದ ಪ್ಲಾಸ್ಟಿಕ್ ಪೀಠಗಳ ಮೇಲೋ ರಬ್ಬರ್ ತುಂಡುಗಳ ಮೇಲೋ ಫ್ರೇಮ್ ಕೂರಿಸುವ ಕ್ರಮ ಇದೆ. ಗಾಳಿಗೆ ಏಳದ ಹಾಗೆ ಅಂಚಿನ ಗೋಡೆಗೆ ಹಿಡಿಸಬಹುದು.

ಅಂಗಳದ ಮಣ್ಣಿನ ಮೇಲಾದರೆ ಗೆದ್ದಲಿನ ಲೆಕ್ಕವೂ ಸೇರಿತು. ಮರದ ಕಂಬವನ್ನು ಮಣ್ಣಿನಲ್ಲಿ ಹುಗಿಯಲೇಬೇಡಿ. ಸಿಮೆಂಟಿನ ಗಿಡ್ಡ ಕಂಬ, ಅದರ ಮೇಲೆ ಕಬ್ಬಿಣ, ಅದರ ಮೇಲೆ ಹಲಗೆ. ಕೆಳಗೆ ಕನಿಷ್ಠ ಒಂದು ಅಡಿ ಗಾಳಿಯಾಡುವ ಜಾಗ ಇರಲಿ. ಬಗ್ಗಿ ಟಾರ್ಚ್ ಹಾಕಿ ನೋಡಲು ಆಗದಷ್ಟು ತಗ್ಗಾದರೆ ಗೆದ್ದಲು ಹತ್ತಿದ್ದು ಹಲಗೆ ಕುಸಿದಾಗಲೇ ಗೊತ್ತಾಗುವುದು.

ಇನ್ನೊಂದು ಮಾತು. ತೋಟದವರಿಗೆ ತಾರಸಿ ಅಂದರೆ ಅಡಿಕೆ ಒಣಗಿಸುವ ಜಾಗ. ಹಸಿ ಅಡಿಕೆಯ ಕಲೆ ಮರಕ್ಕೂ ಹಿಡಿಯುತ್ತದೆ, ಡಬ್ಲ್ಯೂಪಿಸಿಗೂ ಹಿಡಿಯುತ್ತದೆ. ಮರವನ್ನಾದರೆ ಸ್ಯಾಂಡ್ ಮಾಡಿ ತೆಗೆಯಬಹುದು. ಡಬ್ಲ್ಯೂಪಿಸಿಯ ಮೇಲ್ಪದರ ಉಜ್ಜಿದರೆ ಹೋಗಿಬಿಡುತ್ತದೆ. ಅಡಿಕೆಗೆ ಬೇರೆ ಜಾಗ ಇಲ್ಲದಿದ್ದರೆ ಡೆಕ್ಕಿನ ಆಸೆ ಸದ್ಯಕ್ಕೆ ಬಿಡುವುದೇ ಒಳ್ಳೆಯದು.

ಡಬ್ಲ್ಯೂಪಿಸಿ ಅಂದರೆ ಯಾವ ಡಬ್ಲ್ಯೂಪಿಸಿ?

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ಜಾಸ್ತಿ ಹಣ ಹಾಳಾಗುವುದು ಇಲ್ಲೇ. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ "ಡಬ್ಲ್ಯೂಪಿಸಿ ಇದೆಯಾ?" ಅಂತ ಕೇಳಿದರೆ ಹೆಚ್ಚಾಗಿ ಕೊಡುವುದು ಬಾತ್‌ರೂಮ್ ಬಾಗಿಲಿಗೆ, ಅಡುಗೆಮನೆ ಕಬಾಟಿಗೆ ಹಾಕುವ ಶೀಟು. ಅದು ಪಿವಿಸಿ ಫೋಮ್. ಹಗುರ, ನೀರಿಗೆ ಹೆದರುವುದಿಲ್ಲ, ಒಳಗಿನ ಕೆಲಸಕ್ಕೆ ಒಳ್ಳೆಯದೇ. ಆದರೆ ಅದನ್ನು ಡೆಕ್ಕಿಗೆ ಹಾಸುವಂತಿಲ್ಲ. ಡೆಕ್ಕಿನ ಹಲಗೆ ಬೇರೆ. ಅದರಲ್ಲಿ ಮರದ ಹುಡಿಯನ್ನೋ ಭತ್ತದ ಉಮಿಯನ್ನೋ ಪಾಲಿಥೀನಿನಂಥ ಪ್ಲಾಸ್ಟಿಕ್ಕಿನ ಜೊತೆ ಕರಗಿಸಿ ಅಚ್ಚಿನಿಂದ ಒತ್ತಿ ತೆಗೆದಿರುತ್ತಾರೆ. ಸಾಮಾನ್ಯವಾಗಿ ಐದೂವರೆ–ಆರು ಇಂಚು ಅಗಲ, ಒಂದು ಇಂಚಿನ ಹತ್ತಿರ ದಪ್ಪ.

ಗುರುತು ಹಿಡಿಯಲು ದೊಡ್ಡ ಲ್ಯಾಬ್ ಬೇಡ. ಬೆರಳುದ್ದದ ತುಂಡು ಕೇಳಿ ತಂದು ಬಕೆಟ್ ನೀರಿಗೆ ಹಾಕಿ. ಫೋಮ್ ತೇಲುತ್ತದೆ. ಗಟ್ಟಿ ಡೆಕ್ ಹಲಗೆ ಕಲ್ಲಿನ ಹಾಗೆ ಮುಳುಗುತ್ತದೆ. ಹಾಕುವ ಮೊದಲು ಅದೇ ತುಂಡನ್ನು ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟು ತೂಕ ಬರೆದಿಟ್ಟುಕೊಳ್ಳಿ. ಒಂದು ವಾರ ನೀರಿನಲ್ಲೇ ಬಿಡಿ. ತೆಗೆದು ಒರೆಸಿ ಮತ್ತೆ ತೂಗಿ. ತೂಕ ಎಷ್ಟು ಏರಿತೋ ಅಷ್ಟು ನೀರು ಕುಡಿದಿದೆ ಅಂತ ಲೆಕ್ಕ. ಎರಡು ಮೂರು ಕಂಪನಿಯ ತುಂಡು ಒಟ್ಟಿಗೆ ಹಾಕಿದರೆ ಯಾವುದು ಜಾಸ್ತಿ ಕುಡಿಯುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ. ಪ್ಲಾಸ್ಟಿಕ್ ಅಲ್ವಾ, ನೀರು ಹೇಗೆ ಕುಡಿಯುತ್ತದೆ ಅಂತ ಕೇಳಬಹುದು. ಒಳಗಿರುವ ಮರದ ಹುಡಿ ಕುಡಿಯುತ್ತದೆ. ಅದಕ್ಕೇ ಅಗ್ಗದ ಹಲಗೆಯ ಮೇಲೆ ಮಳೆಗಾಲದಲ್ಲಿ ಬೂಷ್ಟು ಬರುವುದು, ಅಂಚು ಊದುವುದು.

ನೀರಿನ ಪರೀಕ್ಷೆ ಆದ ಮೇಲೆ ಬಿಸಿಲಿನದ್ದು. ಕಪ್ಪು ಕಂದು ಬಣ್ಣದ ತುಂಡನ್ನೂ ತಿಳಿ ಬಣ್ಣದ್ದನ್ನೂ ಏಪ್ರಿಲ್ ಮಧ್ಯಾಹ್ನ ತಾರಸಿಯಲ್ಲಿಟ್ಟು ಬರಿಗಾಲಲ್ಲಿ ಮೆಟ್ಟಿ ನೋಡಿ. ಕಪ್ಪಿನ ಮೇಲೆ ಕಾಲಿಡಲು ಆಗುವುದಿಲ್ಲ. ಮರವೂ ಬಿಸಿಯಾಗುತ್ತದೆ, ಆದರೆ ಇಷ್ಟಲ್ಲ. ತೆರೆದ ತಾರಸಿಗೆ ತಿಳಿ ಬಣ್ಣವೇ ಸರಿ.

ಹಲಗೆಯ ತುದಿ ನೋಡಿದರೆ ಇನ್ನೆರಡು ವಿಷಯ ಗೊತ್ತಾಗುತ್ತದೆ. ಒಳಗೆ ತೂತುಗಳಿದ್ದರೆ ಟೊಳ್ಳು, ಇಲ್ಲದಿದ್ದರೆ ಗಟ್ಟಿ. ಟೊಳ್ಳಿಗೆ ರೇಟು ಕಮ್ಮಿ. ಆದರೆ ತುದಿ ಮುಚ್ಚದಿದ್ದರೆ ಒಳಗೆ ನೀರು ನಿಲ್ಲುತ್ತದೆ, ಇರುವೆ ಗೂಡು ಮಾಡುತ್ತದೆ. ಇನ್ನು ಸುತ್ತಲೂ ತೆಳ್ಳಗೆ ಬೇರೆ ಬಣ್ಣದ ಪ್ಲಾಸ್ಟಿಕ್ ಪದರ ಕಂಡರೆ ಅದು ಕ್ಯಾಪ್ ಇರುವ ಹಲಗೆ. ನಮ್ಮ ಮಳೆಗೆ ಕ್ಯಾಪ್ ಇಲ್ಲದ್ದನ್ನು ತರಬೇಡಿ ಅಂತಲೇ ನನ್ನ ಅಭಿಪ್ರಾಯ. ಕ್ಯಾಪ್ ನಾಲ್ಕೂ ಬದಿ ಇದೆಯೋ ಮೇಲೆ ಮಾತ್ರವೋ, ಅದನ್ನೂ ನೋಡಿ. ನಮ್ಮಲ್ಲಿ ನೀರು ಕೆಳಗಿನಿಂದಲೂ ಬರುತ್ತದೆ.

ಮರದ ಅಳತೆ: ಸಿಎಫ್‌ಟಿಯನ್ನು ಚದರ ಅಡಿಗೆ ತರುವುದು

ಒಂದು ಸಿಎಫ್‌ಟಿ ಕೊಯ್ದ ಮರದಿಂದ ಒಂದು ಇಂಚು ದಪ್ಪದ ಹಲಗೆ 12 ಚದರ ಅಡಿ ಸಿಗುತ್ತದೆ. ಇದೊಂದು ನೆನಪಿದ್ದರೆ ಸಾಕು. ಆದರೆ ಪ್ಲೇನಿಂಗ್ ಮಾಡಿದ ಮೇಲೆ ಒಂದು ಇಂಚು ಉಳಿಯಬೇಕಾದರೆ ಒಂದೂಕಾಲು ಇಂಚಿಗೆ ಕೊಯ್ಯಿಸಬೇಕು. ಆಗ ಸಿಗುವುದು 9.6 ಚದರ ಅಡಿ. ಸಿಎಫ್‌ಟಿಗೆ 3,000 ರೂಪಾಯಿ ಅಂದರೆ ಚದರ ಅಡಿಗೆ 312 ರೂಪಾಯಿ ಬಿತ್ತು. ಮಿಲ್ಲಿನವರ ಮಾತು ಕೇಳಿ 250 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದವರಿಗೆ ಇಲ್ಲೇ ಮೊದಲ ಪೆಟ್ಟು.

ಕೊಯ್ದ ಹಲಗೆ ಬಿಟ್ಟು ದಿಮ್ಮಿ ತೆಗೆದುಕೊಳ್ಳುವುದಾದರೆ ಅಳತೆ ಇನ್ನೂ ಬೇರೆ. ದಿಮ್ಮಿಯ ನಡುವಿಗೆ ಟೇಪು ಸುತ್ತಿ ಸುತ್ತಳತೆ ತೆಗೆಯುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಇಟ್ಟುಕೊಳ್ಳಿ. ನಾಲ್ಕನೇ ಒಂದು ಭಾಗ 12 ಇಂಚು, ಅಂದರೆ ಒಂದು ಅಡಿ. ಹಾಗಾಗಿ 10 ಸಿಎಫ್‌ಟಿ. ಶಾಲೆಯ ಲೆಕ್ಕದಲ್ಲಿ ಅದರ ನಿಜವಾದ ಗಾತ್ರ 12.7 ಸಿಎಫ್‌ಟಿ ಆಗುತ್ತದೆ. ಈ ಅಳತೆಯಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮೊದಲೇ ಬಿಟ್ಟಿರುತ್ತಾರೆ. ಸಿಪ್ಪೆ, ಗರಗಸದ ಹುಡಿ ಅಂತ ಹೋಗುವುದಕ್ಕೆ ಈ ರಿಯಾಯಿತಿ. ಲಾಭ ಬಂತು ಅಂತ ಖುಷಿಪಡಬೇಡಿ. ಹೊರಗಿನ ಬಿಳಿ ಭಾಗವನ್ನೂ ತೆಗೆದು ತಿರುಳು ಮಾತ್ರ ಇಟ್ಟುಕೊಂಡರೆ ಕೈಗೆ ಸಿಗುವುದು ಆ 10ಕ್ಕಿಂತಲೂ ಎಷ್ಟೋ ಕಮ್ಮಿ. ಡೆಕ್ಕಿಗೆ ತಿರುಳೇ ಬೇಕು. ಬಿಳಿ ಭಾಗ ತೇಗದ್ದಾದರೂ ಗೆದ್ದಲಿಗೆ ಊಟ. ಎಳೆಯ ತೋಟದ ತೇಗದಲ್ಲಿ ಈ ಬಿಳಿಯೇ ಜಾಸ್ತಿ. ಮಿಲ್ಲಿನಲ್ಲಿ ನಿಂತಿರುವ ತೇಗವೆಲ್ಲ ತೇಗಕ್ಕೆ ಹೆಸರಾದ ನಿಲಂಬೂರಿನದ್ದು ಅಂತ ಹೇಳುತ್ತಾರೆ, ಅದನ್ನು ಕೇಳಿಸಿಕೊಂಡು ಸುಮ್ನೆ ತುದಿ ನೋಡಿ. ಕಡು ಬಣ್ಣದ ಭಾಗ ಎಷ್ಟು, ಬಿಳಿ ಎಷ್ಟು ಅಂತ ಅಲ್ಲೇ ಬರೆದಿದೆ.

ಯಾವ ಮರ? ತೆರೆದ ಜಾಗಕ್ಕೆ ತೇಗದ ತಿರುಳು, ಕಿರಾಲುಬೋಗಿ. ಬೋಗಿ ಬಹಳ ಗಟ್ಟಿ, ಭಾರ. ಮೊದಲೇ ತೂತು ಕೊರೆಯದೆ ಸ್ಕ್ರೂ ಹೋಗುವುದಿಲ್ಲ, ಆಚಾರಿಯ ಸಂಬಳ ಏರುತ್ತದೆ. ದೋಣಿ ಮಾಡುವ ಹೆಬ್ಬಲಸು ಕೂಡ ಆಗುತ್ತದೆ. ಹಲಸು, ಮಹಾಗನಿ ಮಾಡಿನ ಅಡಿಗೆ ಸರಿ. ಅಕೇಶಿಯಾ ಅಗ್ಗ, ಆದರೆ ಸರಿಯಾಗಿ ಒಣಗದಿದ್ದರೆ ತಿರುಚಿಕೊಳ್ಳುತ್ತದೆ. ಮಾವು, ರಬ್ಬರ್ ಹೊರಗಡೆಗೆ ಬೇಡವೇ ಬೇಡ.

ಒಣಗಿಸುವುದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಹಲಗೆಗಳ ನಡುವೆ ಅಡಿಕೆ ಸಲಾಕೆಯ ತುಂಡು ಇಟ್ಟು ನೆರಳಿನಲ್ಲಿ ಪೇರಿಸಿಡಿ. ಒಂದಿಂಚಿನ ಹಲಗೆಗೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಅಷ್ಟು ಆಗದಿದ್ದರೂ ಒಂದು ಬೇಸಿಗೆ ಪೂರ್ತಿ ಕಳೆಯಲಿ.

ಫ್ರೇಮ್

ಎರಡಕ್ಕೂ ಫ್ರೇಮ್ ಬೇಕು. ಡಬ್ಲ್ಯೂಪಿಸಿ ಹಲಗೆಗೆ ಭಾರ ಹೊರುವ ಶಕ್ತಿ ಮರದಷ್ಟಿಲ್ಲ. ಅಡ್ಡಪಟ್ಟಿಗಳು ಹತ್ತಿರ ಹತ್ತಿರ ಬೇಕಾಗುತ್ತವೆ, 12ರಿಂದ 16 ಇಂಚಿಗೊಂದು. ದೂರ ಇಟ್ಟರೆ ಬಿಸಿಲಿಗೆ ಹಲಗೆ ಜೋತು ಬೀಳುತ್ತದೆ. ಹಾಗಾಗಿ ಡಬ್ಲ್ಯೂಪಿಸಿಯ ಫ್ರೇಮಿಗೆ ಖರ್ಚು ಸ್ವಲ್ಪ ಜಾಸ್ತಿ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

ಜಿಐ (ಸತು ಲೇಪಿಸಿದ ಕಬ್ಬಿಣದ) ಸ್ಕ್ವೇರ್ ಪೈಪ್ ಹಾಕಿದರೆ ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ. ತುಕ್ಕು ಅಲ್ಲಿಂದಲೇ ಶುರು. ಪ್ರತಿ ಜಾಯಿಂಟಿಗೂ ಝಿಂಕ್ ಪ್ರೈಮರ್ ಹೊಡೆಸಿ, ಪೈಪಿನ ತುದಿ ಮುಚ್ಚಿಸಿ. ಉಪ್ಪಳ, ಕುಂಬಳೆ, ಬೇಕಲದ ಹಾಗೆ ಕಡಲ ಗಾಳಿ ಬಡಿಯುವ ಕಡೆ ಅಲ್ಯೂಮಿನಿಯಂ ಫ್ರೇಮಿನ ರೇಟೂ ಕೇಳಿ. ಸ್ಕ್ರೂ 316 ದರ್ಜೆಯ ಸ್ಟೈನ್‌ಲೆಸ್ ಇರಲಿ. ಒಳನಾಡಿನ ಬದಿಯಡ್ಕ, ಮುಳ್ಳೇರಿಯದ ಕಡೆಗೆ 304 ಸಾಕು. ಹಲಗೆ 15 ವರ್ಷ ಬಾಳಿಕೆ ಬಂದು ಫ್ರೇಮ್ 7 ವರ್ಷಕ್ಕೆ ತೂತಾದರೆ ಗ್ಯಾರಂಟಿ ಕಾಗದ ಕಟ್ಟಿ ಅಟ್ಟಕ್ಕೆ ಹಾಕಬೇಕಷ್ಟೆ.

ಈಗ ಲೆಕ್ಕ

12 ಅಡಿ ಅಗಲ, 15 ಅಡಿ ಉದ್ದ, ಒಟ್ಟು 180 ಚದರ ಅಡಿಯ ತೆರೆದ ಡೆಕ್ ಅಂತ ಇಟ್ಟುಕೊಳ್ಳೋಣ. ಕೆಳಗಿನ ರೇಟುಗಳು ಲೆಕ್ಕದ ಕ್ರಮ ತೋರಿಸಲು ನಾನು ಇಟ್ಟ ಉದಾಹರಣೆ. ನಿಮ್ಮ ಮಿಲ್ಲಿನ, ನಿಮ್ಮ ಅಂಗಡಿಯ ರೇಟನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ. ಎಲ್ಲ ರೇಟೂ ಜಿಎಸ್‌ಟಿ ಸೇರಿಸಿದ್ದೇ ಆಗಿರಲಿ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಹೋಲಿಕೆಯೇ ಸುಳ್ಳು.

ಮರ:
ಹಲಗೆ 20 ಸಿಎಫ್‌ಟಿ, 3,000ದಂತೆ – 60,000
ಪ್ಲೇನಿಂಗ್, ಸಾಗಾಟ – 8,000
ಆಚಾರಿ ಕೆಲಸ – 18,000
ಮೊದಲ ಎಣ್ಣೆ – 4,500
ಸ್ಕ್ರೂ – 3,600
ಫ್ರೇಮ್ – 27,000
ಒಟ್ಟು 1,21,100 ರೂಪಾಯಿ, ಚದರ ಅಡಿಗೆ ಸುಮಾರು 673.

ಡಬ್ಲ್ಯೂಪಿಸಿ, ಕ್ಯಾಪ್ ಇರುವುದು:
ಹಲಗೆ 198 ಚದರ ಅಡಿ (ತುಂಡು ಹೋಗುವುದು ಸೇರಿ), 350ರಂತೆ – 69,300
ಕ್ಲಿಪ್, ಅಂಚುಪಟ್ಟಿ – 7,200
ಕೆಲಸ – 14,400
ಫ್ರೇಮ್ – 32,400
ಸಾಗಾಟ, ಇಳಿಸುವುದು – 5,000
ಒಟ್ಟು 1,28,300, ಚದರ ಅಡಿಗೆ ಸುಮಾರು 713.

ಇಳಿಸುವ ಕೂಲಿಯನ್ನು ಸಣ್ಣದೆಂದು ಬಿಡಬೇಡಿ. ಕೇರಳದಲ್ಲಿ 2018ರ ಮೇ 1ರಿಂದ ನೋಕ್ಕುಕೂಲಿ (ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುವ ಕೂಲಿ) ರದ್ದಾಗಿದೆ. ಹಾಗಂತ ಇಳಿಸುವ ಕೆಲಸಕ್ಕೆ ಕೂಲಿ ಇಲ್ಲ ಅಂತಲ್ಲ. ಮಂಗಳೂರಿನಿಂದ ಲೋಡು ಬರುವ ಮೊದಲು ನಿಮ್ಮ ಕಡೆಯ ಚುಮಟ್ಟು ತೊಳಿಲಾಳಿಗಳ (ಹೊರೆ ಹೊರುವ ಕಾರ್ಮಿಕರ) ಹತ್ತಿರ ರೇಟು ಮಾತಾಡಿಟ್ಟುಕೊಳ್ಳಿ. ಡಬ್ಲ್ಯೂಪಿಸಿ ಬಿಲ್ಲಿನ ಮೇಲೆ ಬರುತ್ತದೆ. ಸುಳ್ಯ, ಪುತ್ತೂರು ಕಡೆಯಿಂದ ಮರ ತರಿಸುವುದಾದರೆ ಅರಣ್ಯ ಇಲಾಖೆಯ ಪಾಸು ಬೇಕೋ ಅಂತ ಮೊದಲೇ ವಿಚಾರಿಸಿ.

ನೋಡಿ, ಮೊದಲ ದಿನದ ವ್ಯತ್ಯಾಸ ಏನೂ ಅಲ್ಲ. ಅಸಲಿ ವ್ಯತ್ಯಾಸ ಆಮೇಲೆ ಬರುತ್ತದೆ.

15 ವರ್ಷ ಮುಂದಕ್ಕೆ

ತೆರೆದ ಮರಕ್ಕೆ ಪ್ರತಿವರ್ಷ ಎಣ್ಣೆ ಬೇಕು. ಕೂಲಿ ಸೇರಿ ಚದರ ಅಡಿಗೆ 30 ಅಂದರೆ ವರ್ಷಕ್ಕೆ 5,400. ಮೊದಲ ವರ್ಷದ್ದು ಆಗಲೇ ಆಗಿದೆ, ಉಳಿದ 14 ವರ್ಷಕ್ಕೆ 75,600. ನಡುವೆ ಒಮ್ಮೆ ಪೂರ್ತಿ ಸ್ಯಾಂಡಿಂಗ್, ಕೆಲವು ಹಲಗೆ ಬದಲಿಸಲು 15,000. ಒಟ್ಟು 2,11,700 ಆಯಿತು.

ಡಬ್ಲ್ಯೂಪಿಸಿಗೆ ಎಣ್ಣೆ ಬೇಡ, ಆದರೆ ಏನೂ ಬೇಡ ಅಂತಲ್ಲ. ಮಳೆ ಬಿಟ್ಟ ಮೇಲೆ ಪಾಚಿ ತೊಳೆಯಬೇಕು. ವರ್ಷಕ್ಕೆ 1,000ದಂತೆ 14,000, ಕ್ಲಿಪ್ಪು ಹಲಗೆ ಅಂತ ನಡುವೆ 10,000. ಒಟ್ಟು 1,52,300. ಮರಕ್ಕಿಂತ 59,400 ಕಮ್ಮಿ.

ಆದರೆ ಎಣ್ಣೆಯನ್ನು ಮನೆಯವರೇ ಹಚ್ಚಿದರೆ? ಸಾಮಾನಿನ ಖರ್ಚು ಮಾತ್ರ, ಚದರ ಅಡಿಗೆ 12 ಅಂತ ಹಿಡಿದರೆ 14 ವರ್ಷಕ್ಕೆ 30,240. ಮರದ ಒಟ್ಟು 1,66,340ಕ್ಕೆ ಇಳಿಯಿತು. ವ್ಯತ್ಯಾಸ 14,000 ಚಿಲ್ಲರೆ. ಎರಡು ದಿನ ಬ್ರಷ್ ಹಿಡಿಯುವವರು ಮನೆಯಲ್ಲಿ ಇದ್ದಾರೋ ಇಲ್ಲವೋ, ಇಡೀ ಲೆಕ್ಕ ಅದರ ಮೇಲೆ ನಿಂತಿದೆ. ಮಕ್ಕಳು ದುಬೈ, ಬೆಂಗಳೂರಿನಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ತೆರೆದ ಮರದ ಡೆಕ್ ಮಾಡಿಸಬೇಡಿ. ಮೂರನೇ ಮಳೆಗಾಲಕ್ಕೆ ಅದು ಜಾರುಬಂಡಿ ಆಗಿರುತ್ತದೆ.

ಕ್ಯಾಪ್ ಇಲ್ಲದ ಅಗ್ಗದ ಡಬ್ಲ್ಯೂಪಿಸಿಯನ್ನೂ ಇದೇ ಕೋಲಿನಿಂದ ಅಳೆಯಿರಿ. ಚದರ ಅಡಿಗೆ 220ರದ್ದು ತಂದರೆ ಮೊದಲ ಖರ್ಚು 1,02,560ಕ್ಕೆ ಇಳಿಯುತ್ತದೆ. ಅದು 8 ವರ್ಷಕ್ಕೆ ಕೆಟ್ಟಿತು ಅಂತಿಟ್ಟುಕೊಂಡರೆ ವರ್ಷಕ್ಕೆ 12,820 ಬಿತ್ತು. ಒಳ್ಳೆಯದು 15 ವರ್ಷ ಬಂದರೆ ತೊಳೆಯುವ ಖರ್ಚೆಲ್ಲ ಸೇರಿಯೂ ವರ್ಷಕ್ಕೆ 10,153. ಮೊದಲು ಉಳಿಸಿದ 25 ಸಾವಿರ ಆಮೇಲೆ ಕಾಣೆ.

ಮನೆಯದೇ ಮರ ಇದ್ದರೆ

"ಭಟ್ರೇ, ತೋಟದ ಮೇಲೆ ಅಷ್ಟು ದೊಡ್ಡ ತೇಗ ಉಂಟಲ್ಲ, ಹಲಗೆಗೆ ದುಡ್ಡು ಯಾಕೆ?" ಅಂತ ಆಚಾರಿ ಕೇಳಿಯೇ ಕೇಳುತ್ತಾನೆ. ಕಡಿಯುವುದು, ಮಿಲ್ಲಿಗೆ ಸಾಗಿಸುವುದು, ಕೊಯ್ಯಿಸುವುದು ಎಲ್ಲ ಸೇರಿ 22,000 ಅಂತ ಹಿಡಿದರೆ ಹಲಗೆಯ 60,000ದಲ್ಲಿ 38,000 ಉಳಿಯಿತು. ಎಣ್ಣೆಯೂ ಮನೆಯವರೇ ಹಚ್ಚಿದರೆ 15 ವರ್ಷದ ಮರದ ಖರ್ಚು 1,28,340. ಈಗ ಡಬ್ಲ್ಯೂಪಿಸಿ ಸೋತಿತು.

ಒಂದು ತಕರಾರಿದೆ. ಆ ಮರವನ್ನು ವ್ಯಾಪಾರಿಗೆ ಕೊಟ್ಟಿದ್ದರೆ ದುಡ್ಡು ಬರುತ್ತಿತ್ತು ತಾನೆ? ಆ ದುಡ್ಡನ್ನೂ ಖರ್ಚಿಗೆ ಸೇರಿಸಿ. ಸೇರಿಸಿದರೆ ಹೆಚ್ಚಿನ ಸಲ ಲೆಕ್ಕ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಗಾಳಿಗೆ ಬಿದ್ದದ್ದು, ಮನೆ ಕಟ್ಟಲು ಹೇಗೂ ಕಡಿಯಬೇಕಾದದ್ದು, ಲಾರಿ ಹೋಗದ ಗುಡ್ಡದಲ್ಲಿರುವುದರಿಂದ ವ್ಯಾಪಾರಿ ಅರ್ಧ ರೇಟಿಗೆ ಕೇಳುವಂಥದ್ದು, ಇಂಥ ಮರ ಆದರೆ ಮಾತ್ರ ನಿಜವಾದ ಉಳಿತಾಯ.

ಕಡಿಯುವ ಮೊದಲು ಜಾಗದ ಕಾಗದ ತೆಗೆಯಿರಿ. ಸರ್ಕಾರ ಪಟ್ಟಾ ಕೊಟ್ಟ ಜಾಗದ ತೇಗ, ಬೀಟೆಯ ವಿಷಯದಲ್ಲಿ ಕೇರಳದ ನಿಯಮ ಬಿಗಿ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಬೀಟೆ ಕಡಿದದ್ದು ಎಷ್ಟು ದೊಡ್ಡ ಕೇಸಾಯಿತು ಅಂತ ಗೊತ್ತಲ್ಲ. ವಿಲ್ಲೇಜ್ ಆಫೀಸಿನಲ್ಲೂ ಅರಣ್ಯ ರೇಂಜ್ ಆಫೀಸಿನಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಕೊಟೇಶನ್ ಮತ್ತು ಕೆಲಸದ ತಿಂಗಳು

ಕೊಟೇಶನಿನಲ್ಲಿ ಇವು ಬರೆದಿರಬೇಕು: ಹಲಗೆಯ ದಪ್ಪ, ಗಟ್ಟಿಯೋ ಟೊಳ್ಳೋ, ಕ್ಯಾಪ್ ಎಷ್ಟು ಬದಿ, ಅಡ್ಡಪಟ್ಟಿಯ ಅಂತರ, ಪೈಪಿನ ದಪ್ಪ ಮಿಲಿಮೀಟರಿನಲ್ಲಿ, ಸ್ಕ್ರೂವಿನ ದರ್ಜೆ. ಡಬ್ಲ್ಯೂಪಿಸಿ ಬಿಸಿಲಿಗೆ ಉದ್ದಕ್ಕೆ ಹಿಗ್ಗುತ್ತದೆ. ಗೋಡೆಯ ಹತ್ತಿರ, ಹಲಗೆಯ ತುದಿ ತುದಿ ಸೇರುವಲ್ಲಿ ಎಷ್ಟು ಸಂದು ಬಿಡಬೇಕು ಅಂತ ಕಂಪನಿಯ ಕಾಗದದಲ್ಲಿರುತ್ತದೆ. ಅದನ್ನು ಪಾಲಿಸದಿದ್ದರೆ ಗ್ಯಾರಂಟಿ ನಡೆಯುವುದಿಲ್ಲ. ಗ್ಯಾರಂಟಿ ಯಾವುದಕ್ಕೆ ಅಂತಲೂ ಕೇಳಿ. ಕೊಳೆಯುವುದಕ್ಕೆ ಕೊಟ್ಟ ಗ್ಯಾರಂಟಿ ಬಣ್ಣ ಮಾಸುವುದಕ್ಕೆ ಸಿಗಲಿಕ್ಕಿಲ್ಲ. ಬಿಚ್ಚಿ ಹಾಕುವ ಕೂಲಿ ಯಾರದ್ದು ಅನ್ನುವುದನ್ನೂ ಬರೆಸಿಕೊಳ್ಳಿ.

ಎರಡು ಹಲಗೆ ಹೆಚ್ಚಿಗೆ ತರಿಸಿ ಇಡಿ. ಐದು ವರ್ಷ ಕಳೆದು ಹೋದರೆ ಆ ಬಣ್ಣ ಅಂಗಡಿಯಲ್ಲಿ ಇರುತ್ತದೆ ಅಂತ ಹೇಳಲಾಗದು.

ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮರದ ಡೆಕ್ ಇರುವವರು ದೀಪಾವಳಿ ಕಳೆದ ಮೇಲೆ ತೊಳೆದು ಒಣಗಲು ಬಿಡಲಿ. ಫೆಬ್ರವರಿಯ ನಂತರ ಎಣ್ಣೆ ಹಚ್ಚಲಿ. ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುವರ ದಿನ) ಮೊದಲು ಎರಡನೇ ಕೋಟೂ ಮುಗಿದಿರಬೇಕು. ಹಲಗೆಯ ತುದಿಗಳಿಗೆ ಒಂದು ಕೋಟು ಜಾಸ್ತಿ ಕೊಡಿ, ಮರ ನೀರು ಕುಡಿಯುವುದು ಅಲ್ಲಿಂದಲೇ. ನಮ್ಮಲ್ಲಿ ಮಾಡಿನ ಪಕ್ಕಾಸಿಗೆ, ದೋಣಿಗೆ ಹಿಂದಿನಿಂದ ಹಚ್ಚುತ್ತಾ ಬಂದ ಗೇರುಬೀಜದ ಸಿಪ್ಪೆಯ ಎಣ್ಣೆ ಅಗ್ಗವಾಗಿ ಸಿಗುತ್ತದೆ. ಅದನ್ನು ಹಲಗೆಯ ಅಡಿಭಾಗಕ್ಕೆ ಹಚ್ಚಿ. ಮೇಲ್ಭಾಗಕ್ಕೆ ಬೇಡ, ಕಪ್ಪಗಾಗುತ್ತದೆ, ಬಟ್ಟೆಗೆ ಹತ್ತುತ್ತದೆ. ಹಚ್ಚುವಾಗ ಕೈಗವಸು ಮರೆಯಬೇಡಿ, ಚರ್ಮ ಸುಡುತ್ತದೆ.